ಹಚ್ಚೆಗೇಕೆ ಶಿಕ್ಷೆ?

ಮನುಷ್ಯನ ಮೈಮೇಲೆ ಬರೆಯುವ ಹಕ್ಕು ಯಾರದು? ಈ ವಾರ ನಾವು ಎತ್ತಿಕೊಂಡಿರುವ ಪ್ರಶ್ನೆ ಇದು.

"ಬೇಳೆಯ ಬೆಲೆ ಏರಿದೆ, ಕೂಲಿ ಏರಿಲ್ಲ, ಗುತ್ತಿಗೆಯವರ ಕೆಲಸ ಕಾಯಂ ಆಗಿಲ್ಲ, ಇಂಥ ಹೊತ್ತಿನಲ್ಲಿ ಹಚ್ಚೆಯ ಮಾತೇಕೆ?" ಎಂದು ಕೆಲವು ಮಿತ್ರರು ಕೇಳಿಯಾರು. ಕೇಳಲಿ. ಇದು ಕೂಲಿಯ ಮಾತೇ. ಕೂಲಿಕಾರನಿಗೆ ಹೊಲವಿಲ್ಲ, ಸ್ವಂತ ಮನೆಯಿಲ್ಲ, ಬ್ಯಾಂಕಿನಲ್ಲಿ ಠೇವಣಿಯಿಲ್ಲ. ತನ್ನದೆಂದು ಹೇಳಿಕೊಳ್ಳಲು ಅವನಿಗಿರುವ ಆಸ್ತಿ ಅವನ ಮೈ ಒಂದೇ. ಆ ಮೈಯನ್ನು ಹಗಲೆಲ್ಲ ಯಜಮಾನನಿಗೆ ಬಾಡಿಗೆಗೆ ಕೊಟ್ಟು ಸಂಜೆ ಮನೆಗೆ ಹಿಂತಿರುಗಿ ತರುತ್ತಾನೆ. ಆ ಮೈಯ ಒಂದು ಅಂಗೈಯಗಲ ಜಾಗದಲ್ಲಿ ತನಗೆ ಬೇಕಾದ ಹೆಸರನ್ನು ಅವನು ಬರೆಸಿಕೊಂಡರೆ ಅದನ್ನೂ ಕಂಡು ಮೂಗು ಮುರಿಯುವವರಿದ್ದಾರೆ, ಕೆಲಸ ಕೊಡದೆ ಹಿಂದಕ್ಕೆ ಕಳುಹಿಸುವವರಿದ್ದಾರೆ. ಹಾಗಿರುವಾಗ ಇದು ಕೂಲಿಯ ಪ್ರಶ್ನೆಯಲ್ಲದೆ ಮತ್ತೇನು?

ಅಶೋಕಪುರದ ಬೀದಿಗಳು

ಮೈಸೂರಿನ ದಕ್ಷಿಣ ಭಾಗದ ಅಶೋಕಪುರವನ್ನು ನಮ್ಮ ಓದುಗರಿಗೆ ಪರಿಚಯ ಮಾಡಿಕೊಡಬೇಕಾದ್ದಿಲ್ಲ. 1924ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಆರಂಭವಾದ ರೈಲ್ವೆ ಕಾರ್ಯಾಗಾರ ಅಲ್ಲಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ತೆರೆದ ರೇಷ್ಮೆ ನೇಯ್ಗೆ ಕಾರ್ಖಾನೆ ಅದರ ಸಮೀಪದ ಮಾನಂದವಾಡಿ ರಸ್ತೆಯಲ್ಲಿದೆ. ಚಾಮರಾಜನಗರದ ಕಡೆಗೆ ಹೋಗುವ ರೈಲಿಗೆ ಅಲ್ಲಿಯೇ ನಿಲ್ದಾಣವಿದೆ. ತಲೆಮಾರುಗಳಿಂದ ಈ ನಗರದ ಕಬ್ಬಿಣ ಬಡಿದವರು, ಬೀದಿ ಗುಡಿಸಿದವರು, ಗೋಡೆ ಕಟ್ಟಿದವರು, ಮಕ್ಕಳನ್ನು ಓದಿಸಿ ಕಚೇರಿಗೆ ಕಳುಹಿಸಿದವರು ಅಲ್ಲಿ ಬದುಕಿದ್ದಾರೆ.

ಆ ಬಡಾವಣೆಗೆ ಹಿಂದೆ ಬೇರೆ ಹೆಸರುಗಳಿದ್ದವು. ಮೊದಲು ಅದನ್ನು ಕರೆಯುತ್ತಿದ್ದುದು ಜಾತಿಯ ಹೆಸರಿನಿಂದ, ಕೇರಿ ಎಂದು. ಅನಂತರ ಅದು ಆದಿ ಕರ್ನಾಟಕಪುರವಾಯಿತು. ಕೊನೆಗೆ ಅಶೋಕಪುರವಾಯಿತು. ವಿಳಾಸವೂ ಒಂದು ಹಚ್ಚೆಯೇ ಎಂಬುದನ್ನು ಓದುಗರು ಗಮನಿಸಬೇಕು. ಊರವರು ಚುಚ್ಚಿದ ಹೆಸರನ್ನು ಅಳಿಸಿ, ತಾವು ಆರಿಸಿದ ಹೆಸರನ್ನು ಅಲ್ಲಿಯ ಜನ ಬರೆದುಕೊಂಡರು. ಬುದ್ಧನ ದಾರಿ ಹಿಡಿದ ಚಕ್ರವರ್ತಿಯ ಹೆಸರನ್ನು ಆರಿಸಿಕೊಂಡವರ ಮೊಮ್ಮಕ್ಕಳು ಇಂದು ತೋಳಿನ ಮೇಲೆ ಬಾಬಾಸಾಹೇಬರ ಮುಖವನ್ನೋ, 'ಜೈ ಭೀಮ್' ಎಂಬ ಎರಡು ಪದಗಳನ್ನೋ ಬರೆಸಿಕೊಂಡರೆ ಅದರಲ್ಲಿ ಆಶ್ಚರ್ಯವೇನಿದೆ? ಅದು ಅಜ್ಜಂದಿರು ಆರಂಭಿಸಿದ ಕೆಲಸದ ಮುಂದುವರಿಕೆ.

ಅದೇ ಬೀದಿಯ ಜಗಲಿಯ ಮೇಲೆ ಕೂತ ಮುದುಕಿಯರ ಕೈಗಳನ್ನೂ ನೋಡಬೇಕು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರುಗಟ್ಟಿದ ಚುಕ್ಕಿಗಳು, ರಂಗೋಲಿಯ ಎಳೆಗಳು, ಚೇಳು, ಬಳ್ಳಿ. ಕೆಲವರಿಗೆ ಹುಬ್ಬಿನ ನಡುವೆ ಒಂದು ಬೊಟ್ಟು. ಮೊಮ್ಮಗನ ತೋಳಿನ ಚಿತ್ರ ವಿದ್ಯುತ್ ಯಂತ್ರದ್ದು, ಅಜ್ಜಿಯ ಮುಂಗೈಯ ಬಳ್ಳಿ ಕೈಸೂಜಿಯದು. ಎರಡಕ್ಕೂ ಹೊರಗಿನವರ ನೋಟ ಒಂದೇ: "ಕೀಳು ಜನರ ಚಾಳಿ."

ಜನ ಹಚ್ಚೆ ಹೊಯ್ಯಿಸಿಕೊಳ್ಳುವುದೇಕೆ?

ಮೂಗು ಮುರಿಯುವ ಮಹನೀಯರು ಈ ಪ್ರಶ್ನೆಯನ್ನು ಯಾರನ್ನೂ ಕೇಳಿದವರಲ್ಲ. ಕೇಳಿದ್ದರೆ ಅವರಿಗೆ ಉತ್ತರ ಸಿಗುತ್ತಿತ್ತು.

ಹಳೆಯ ಕಾಲದ ಹೆಂಗಸರಿಗೆ ಹಚ್ಚೆ ಒಡವೆಯಾಗಿತ್ತು. ಬಂಗಾರ ಕೊಳ್ಳಲಾಗದವರ ಒಡವೆ. ಬಂಗಾರದ ಬಳೆಯನ್ನು ಕಳ್ಳ ಕದಿಯಬಹುದು, ಗಂಡ ಮಾರಿಕೊಳ್ಳಬಹುದು, ಸಾಹುಕಾರ ಅಡವಿಟ್ಟುಕೊಂಡು ಹರಾಜು ಹಾಕಬಹುದು. ಹಚ್ಚೆಯನ್ನು ಯಾರೂ ಅಡವಿಟ್ಟುಕೊಳ್ಳಲಾರರು. ಸತ್ತಾಗ ಜೊತೆಯಲ್ಲಿ ಬರುವುದು ಹಚ್ಚೆ ಒಂದೇ ಎಂದು ನಮ್ಮ ಹೆಂಗಸರು ಹೇಳುತ್ತ ಬಂದಿದ್ದಾರೆ. ಪರಲೋಕದ ಮಾತು ನಮಗೆ ತಿಳಿಯದು. ಆದರೆ ಈ ಲೋಕದಲ್ಲಿ ಬದುಕಿರುವ ತನಕ ಕಿತ್ತುಕೊಳ್ಳಲಾಗದ ಒಂದು ಸೊತ್ತು ತನಗಿರಲಿ ಎಂದು ಬಡ ಹೆಂಗಸು ಬಯಸಿದ್ದರ ಅರ್ಥ ನಮಗೆ ಚೆನ್ನಾಗಿ ತಿಳಿಯುತ್ತದೆ.

ಮದುವೆಯಾಗಿ ಬೇರೆ ಊರಿಗೆ ಹೋಗುವ ಹುಡುಗಿಗೆ ಅದು ತವರಿನ ಗುರುತಾಗಿತ್ತು. ಲಂಬಾಣಿ ತಾಂಡಾಗಳಲ್ಲಿ ಅದು ಕುಲದ ಗುರುತಾಗಿತ್ತು. ಕೀಲುನೋವಿಗೆ ಔಷಧವೆಂದು ಹೊಯ್ಯಿಸಿಕೊಂಡವರಿದ್ದರು. ದೃಷ್ಟಿ ತಾಗದಿರಲೆಂದು ಮಗುವಿನ ಕೆನ್ನೆಗೆ ಚುಕ್ಕಿ ಇಡಿಸಿದವರಿದ್ದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಿನಲ್ಲಿ ಬೆಳೆದ ಹೆಂಗಸು ಆ ಹೆಸರನ್ನು ಮುಂಗೈಯಲ್ಲಿ ಬರೆಸಿಕೊಂಡು, ಕೇಳಿದವರಿಗೆ ಕೈ ತೋರಿಸಿದಳು.

ಇಂದಿನವರ ಕಾರಣಗಳೂ ಬಹಳ ಬೇರೆಯಲ್ಲ. ಸತ್ತುಹೋದ ಮಗುವಿನ ಹೆಸರು. 'ಅಮ್ಮ' ಎಂಬ ಎರಡಕ್ಷರ. ಅಪಘಾತದಲ್ಲಿ ತೀರಿಕೊಂಡ ಗೆಳೆಯನ ಹೆಸರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಗಲಿದ ಮೇಲೆ ನಾಡಿನ ಉದ್ದಗಲಕ್ಕೂ ಎಷ್ಟೋ ಜನ ಎದೆಯ ಮೇಲೆ, ತೋಳಿನ ಮೇಲೆ ಅಪ್ಪುವಿನ ಮುಖ ಬರೆಸಿಕೊಂಡರು. ಚೆಂದಕ್ಕಾಗಿ ಹಾಕಿಸಿಕೊಂಡವರೂ ಇದ್ದಾರೆ; ಚೆಂದವೆಂಬುದು ಉಳ್ಳವರಿಗೆ ಮಾತ್ರ ಮೀಸಲಾದ ಸರಕಲ್ಲ. ಗೆಳೆಯರು ಹಾಕಿಸಿಕೊಂಡರೆಂದು ತಾನೂ ಹಾಕಿಸಿಕೊಂಡು ಆಮೇಲೆ ಬೇಸರಪಟ್ಟವರೂ ಇದ್ದಾರೆ. ಅದು ಮನುಷ್ಯ ಸ್ವಭಾವ. ಅದಕ್ಕೆ ಜಾತಿಯಿಲ್ಲ.

ಹಾಗಾದರೆ ಜಾತಿ ಬರುವುದೆಲ್ಲಿ? ನೋಡುವ ಕಣ್ಣಿನಲ್ಲಿ. ಅಪ್ಪುವಿನ ಹಚ್ಚೆ ಕಂಡವರು "ಎಂಥ ಅಭಿಮಾನ!" ಎನ್ನುತ್ತಾರೆ. 'ಜೈ ಭೀಮ್' ಹಚ್ಚೆ ಕಂಡವರು "ಓಹೋ, ಅವರಾ?" ಎನ್ನುತ್ತಾರೆ. ಬಾಡಿಗೆ ಮನೆ ಕೇಳಲು ಹೋದವನ ತೋಳಿನ ಮೇಲೆ ನೀಲಿ ಅಕ್ಷರ ಕಂಡೊಡನೆ, ಖಾಲಿಯಿದ್ದ ಮನೆಗೆ ಇದ್ದಕ್ಕಿದ್ದಂತೆ ಬೇರೊಬ್ಬರು ಮುಂಗಡ ಕೊಟ್ಟಿರುತ್ತಾರೆ. ಜಾತಿ ಕೇಳುವ ಶ್ರಮವೂ ಮನೆಯ ಮಾಲೀಕನಿಗೆ ಉಳಿಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಯಾರ ಮುದ್ರೆಗೆ ಮರ್ಯಾದೆ?

ಮೈಮೇಲೆ ಗುರುತು ಹಾಕಿಸಿಕೊಳ್ಳುವುದು ಅನಾಗರಿಕತೆಯೆಂದು ಹೇಳುವವರಿಗೆ ನಾವು ಒಂದೆರಡು ಮಾತು ಕೇಳುತ್ತೇವೆ.

ಆಷಾಢದ ಏಕಾದಶಿಯಂದು ಮಾಧ್ವ ಮಠಗಳಲ್ಲಿ ತಪ್ತಮುದ್ರಾಧಾರಣೆ ನಡೆಯುತ್ತದೆ. ಕಾಯಿಸಿದ ಶಂಖ ಚಕ್ರಗಳ ಮುದ್ರೆಯನ್ನು ಭಕ್ತರು ಮೈಮೇಲೆ ಒತ್ತಿಸಿಕೊಳ್ಳುತ್ತಾರೆ. ಶ್ರೀವೈಷ್ಣವರಲ್ಲಿಯೂ ದೀಕ್ಷೆಯ ವೇಳೆ ಎರಡು ಭುಜಗಳ ಮೇಲೆ ಶಂಖ ಚಕ್ರಗಳನ್ನು ಒತ್ತಿಸಿಕೊಳ್ಳುವ ಸಂಪ್ರದಾಯವಿದೆ. ನಾವು ಅದನ್ನು ಹೀಯಾಳಿಸುವುದಿಲ್ಲ. ಅದು ಅವರ ನಂಬಿಕೆ, ಅವರ ಮೈ. ಆದರೆ ಕಾದ ಲೋಹದಿಂದ ಒತ್ತಿದ ಗುರುತು ಸಂಸ್ಕಾರವೆನಿಸಿಕೊಳ್ಳುವುದು, ಸೂಜಿಯಿಂದ ಚುಚ್ಚಿದ ಗುರುತು ಕೀಳು ಚಾಳಿಯೆನಿಸಿಕೊಳ್ಳುವುದು ಯಾವ ತರ್ಕ? ಭುಜದ ಮೇಲಿನ ಮುದ್ರೆ ಕಂಡು ಯಾವ ಕಚೇರಿಯವರೂ ಯಾರನ್ನೂ ಅನುಮಾನದಿಂದ ನೋಡಿದ್ದನ್ನು ನಾವು ಕೇಳಿಲ್ಲ.

ಇನ್ನೊಬ್ಬ ದೊಡ್ಡ ಮನುಷ್ಯನ ಮಾತು. 1881ರಲ್ಲಿ ಇಂಗ್ಲೆಂಡಿನ ಒಬ್ಬ ರಾಜಕುಮಾರ ನೌಕಾಪಡೆಯ ಹಡಗಿನಲ್ಲಿ ಜಪಾನಿಗೆ ಹೋಗಿ ತೋಳಿನ ಮೇಲೆ ದೊಡ್ಡ ಹಾವಿನಂಥ ಡ್ರ್ಯಾಗನ್ನಿನ ಹಚ್ಚೆ ಹಾಕಿಸಿಕೊಂಡು ಬಂದ. ಅದೇ ರಾಜಕುಮಾರ ಯುವರಾಜನಾಗಿ 1906ರಲ್ಲಿ ಮೈಸೂರಿಗೆ ಬಂದಾಗ ಸಂಸ್ಥಾನವೇ ಎದ್ದು ನಿಂತು ಸ್ವಾಗತಿಸಿತು. ಅವನೇ ಮುಂದೆ ಐದನೆಯ ಜಾರ್ಜ್ ಚಕ್ರವರ್ತಿಯಾದ. ಅವನ ತಂದೆ ಏಳನೆಯ ಎಡ್ವರ್ಡ್ 1862ರಲ್ಲಿಯೇ ಜೆರುಸಲೇಮಿನಲ್ಲಿ ಶಿಲುಬೆಯ ಹಚ್ಚೆ ಹಾಕಿಸಿಕೊಂಡಿದ್ದ. ದೊರೆಯ ತೋಳಿನ ಹಚ್ಚೆ ಷೋಕಿ, ಕೂಲಿಯವನ ತೋಳಿನ ಹಚ್ಚೆ ಪುಂಡತನ! ಇದಕ್ಕೆ ಏನೆನ್ನೋಣ?

ಈಗಲೂ ಅದೇ ನಡೆದಿದೆ. ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಅಂಗಡಿಯಲ್ಲಿ, ತಣ್ಣನೆಯ ಗಾಳಿಯಲ್ಲಿ ಮಲಗಿ, ಚದರ ಇಂಚಿಗೆ ಇಷ್ಟು ಎಂದು ಹಣ ತೆತ್ತು ಹಾಕಿಸಿಕೊಂಡ ಟ್ಯಾಟೂ 'ಕಲೆ'ಯಾಗುತ್ತದೆ. ಕ್ರಿಕೆಟ್ ಆಟಗಾರನ ತೋಳಿನ ಟ್ಯಾಟೂವನ್ನು ಜಾಹೀರಾತಿನವರು ದೊಡ್ಡದಾಗಿ ತೋರಿಸುತ್ತಾರೆ. ಜಾತ್ರೆಯ ಮೂಲೆಯಲ್ಲಿ ಬ್ಯಾಟರಿ ಇಟ್ಟುಕೊಂಡು ಕೂತವನ ಬಳಿ ಹಾಕಿಸಿಕೊಂಡದ್ದು ಮಾತ್ರ 'ಹಚ್ಚೆ'ಯಾಗಿಯೇ ಉಳಿಯುತ್ತದೆ. ಇಂಗ್ಲಿಷ್ ಹೆಸರಿಗೆ ಮರ್ಯಾದೆ, ಕನ್ನಡ ಹೆಸರಿಗೆ ಅವಮಾನ. ಇಬ್ಬರ ಕೈಯಲ್ಲಿರುವುದೂ 1891ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ಯುಯೆಲ್ ಓ'ರೈಲಿ ಎಂಬವನು ಪೇಟೆಂಟು ಪಡೆದ ವಿದ್ಯುತ್ ಯಂತ್ರದ ಸಂತತಿಯೇ.

ಸರ್ಕಾರ ಬರೆದ ಹಣೆಬರಹ

ಬಡವನು ತಾನಾಗಿ ಬರೆಸಿಕೊಂಡರೆ ತಪ್ಪು. ಆದರೆ ಬಡವನ ಮೈಮೇಲೆ ಅಧಿಕಾರದಲ್ಲಿದ್ದವರು ಬರೆದಾಗ ಅದು ಕಾನೂನಾಗಿತ್ತು.

ಕಂಪೆನಿ ಸರ್ಕಾರ 1797ರಲ್ಲಿ ಬಂಗಾಳದಲ್ಲಿ ಒಂದು ಕಟ್ಟಳೆ ಮಾಡಿತು. ಜೀವಾವಧಿ ಶಿಕ್ಷೆಗೆ ಒಳಗಾದ ಕೈದಿಯ ಹೆಸರು, ಅಪರಾಧ, ಶಿಕ್ಷೆಯಾದ ದಿನ ಇವುಗಳನ್ನು ಅವನ ಹಣೆಯ ಮೇಲೆಯೇ ಹಚ್ಚೆ ಹೊಯ್ಯಬೇಕೆಂದು ವಿಧಿಸಿತು. ಹಣೆಬರಹ ಎಂಬ ನಮ್ಮ ಮಾತಿಗೆ ಅಂದು ನಿಜವಾದ ಅರ್ಥ ಬಂತು. ಬರೆದವನು ಬ್ರಹ್ಮನಲ್ಲ, ಜೈಲಿನ ಅಧಿಕಾರಿ. 1849ರಲ್ಲಿ ಆ ಶಿಕ್ಷೆ ರದ್ದಾಯಿತು. ಆದರೆ ಬುದ್ಧಿ ರದ್ದಾಗಲಿಲ್ಲ. ಇಪ್ಪತ್ತೆರಡು ವರ್ಷಗಳ ತರುವಾಯ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂತು. ಈ ಬಾರಿ ಸೂಜಿ ಬೇಕಾಗಲಿಲ್ಲ. ಇಡೀ ಜಾತಿಯ ಹೆಸರನ್ನೇ ಪೊಲೀಸ್ ರಿಜಿಸ್ಟರಿನಲ್ಲಿ ಬರೆದರಾಯಿತು. ಹುಟ್ಟಿದ ಮಗುವೂ ಕಳ್ಳನೇ.

1911ರ ಕಾಯಿದೆಯಿಂದ ಇದು ಮದರಾಸು ಪ್ರಾಂತಕ್ಕೂ ಬಂದಾಗ ಆ ಪಟ್ಟಿಗೆ ಸೇರಿದವರಲ್ಲಿ ಕೊರವರು, ಕೊರಚರು ಇದ್ದರು. ಈ ಸಮುದಾಯಗಳ ಹೆಂಗಸರು ಯಾರು ಗೊತ್ತೆ? ಬುಟ್ಟಿ ಹೊತ್ತು ಊರೂರು ತಿರುಗಿ, ಕಣಿ ಹೇಳಿ, ನಮ್ಮ ಅಜ್ಜಿಯರಿಗೆ ಹಚ್ಚೆ ಹೊಯ್ದ ಕೊರವಂಜಿಯರು. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲೋ ಹಾಲಿನಲ್ಲೋ ಕಲಸಿ, ಸೂಜಿಗಳನ್ನು ದಾರದಿಂದ ಒಟ್ಟಿಗೆ ಕಟ್ಟಿ, ನೋವು ಮರೆಯಲೆಂದು ಹಾಡು ಹೇಳುತ್ತ, ಹೆಂಗಸರ ಕೈಮೇಲೆ ಬಳ್ಳಿ ಬಿಡಿಸಿದವರು. ಒಂದು ಮೊರ ಕಾಳಿಗೋ ಒಂದು ಹಳೆಯ ಸೀರೆಗೋ ಈ ಚಿತ್ರಗಾರ್ತಿಯರು ದುಡಿದರು. ಪರರ ಮೈಮೇಲೆ ಸೊಗಸಾದ ಗುರುತು ಬರೆದವರ ಕುಲಕ್ಕೆ ಸರ್ಕಾರ ಬರೆದ ಗುರುತು 'ಅಪರಾಧಿ'. ಆ ಕಾಯಿದೆ ರದ್ದಾಗಿದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, 1952ರ ಆಗಸ್ಟ್ 31ರಂದು.

ಅಲ್ಲಿಗೂ ಮುಗಿಯಲಿಲ್ಲ. 1993ರಲ್ಲಿ ಪಂಜಾಬಿನ ಅಮೃತಸರದಲ್ಲಿ ಪೊಲೀಸರು ಸಾಂಸಿ ಎಂಬ ಸಮುದಾಯದ ನಾಲ್ವರು ಹೆಂಗಸರನ್ನು ಹಿಡಿದು, ಅವರ ಹಣೆಯ ಮೇಲೆ 'ಜೇಬುಗಳ್ಳಿ' ಎಂಬ ಅರ್ಥದ ಪದಗಳನ್ನು ಹಚ್ಚೆ ಹೊಯ್ಯಿಸಿದರು. ಸಾಂಸಿಗಳೂ ಹಿಂದೆ ಅಪರಾಧಿ ಬುಡಕಟ್ಟಿನ ಪಟ್ಟಿಯಲ್ಲಿದ್ದವರೇ. ಆ ಪೊಲೀಸರಿಗೆ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು 2016ರಲ್ಲಿ, ಇಪ್ಪತ್ತಮೂರು ವರ್ಷಗಳ ಮೇಲೆ. ಅಷ್ಟು ಕಾಲ ಆ ಹೆಂಗಸರು ಹಣೆಯ ಮೇಲೆ ಸೆರಗು ಎಳೆದುಕೊಂಡೇ ಬದುಕಬೇಕಾಯಿತು. ಜರ್ಮನಿಯ ನಾಜಿಗಳು ಔಷ್‌ವಿಟ್ಸ್ ಶಿಬಿರದಲ್ಲಿ ಕೈದಿಗಳ ಕೈಮೇಲೆ ಸಂಖ್ಯೆ ಚುಚ್ಚಿದ್ದನ್ನು ಲೋಕವೆಲ್ಲ ಖಂಡಿಸಿತು. ನಮ್ಮ ದೇಶದ ಈ ಹಣೆಗಳನ್ನು ಎಷ್ಟು ಜನ ಬಲ್ಲರು?

ಇದಕ್ಕೆ ಪ್ರತಿಯಾಗಿ ಬಡವರು ಕೊಟ್ಟ ಉತ್ತರವೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಇಂದಿನ ಛತ್ತೀಸಗಢದ ಹಳ್ಳಿಗಳಲ್ಲಿ, ಅಸ್ಪೃಶ್ಯರೆಂದು ದೇವಸ್ಥಾನದಿಂದ ಹೊರಗಿಟ್ಟ ಜನ ರಾಮನಾಮಿಗಳೆಂಬ ಪಂಥ ಕಟ್ಟಿದರು. ಗುಡಿಯೊಳಗೆ ಬಿಡದಿದ್ದರೆ ಬೇಡ ಎಂದು ರಾಮನ ಹೆಸರನ್ನು ಮೈತುಂಬ, ಮುಖದ ಮೇಲೂ, ಹಚ್ಚೆ ಹೊಯ್ಯಿಸಿಕೊಂಡರು. ಬೀಗ ಹಾಕಲಾಗದ ಗುಡಿಯಾಯಿತು ಆ ಮೈ. ಇಂದು ಅವರ ಮಕ್ಕಳು ಮೊಮ್ಮಕ್ಕಳು ಮುಖದ ಮೇಲೆ ಹಚ್ಚೆ ಹೊಯ್ಯಿಸಿಕೊಳ್ಳಲು ಹಿಂದೆಗೆಯುತ್ತಾರೆ. ಕಾರಣ, ಪಟ್ಟಣಕ್ಕೆ ಕೆಲಸಕ್ಕೆ ಹೋದಾಗ ಜನ ನೋಡುವ ರೀತಿ. ರಾಮನ ಹೆಸರಿನಲ್ಲಿ ವೋಟು ಕೇಳುವವರು ಈ ಮಾತನ್ನು ಸ್ವಲ್ಪ ಯೋಚಿಸಲಿ.

ನೇಮಕಾತಿಯ ಗಜಕಡ್ಡಿ

ಈಗ ಹೊಟ್ಟೆಪಾಡಿನ ಮಾತಿಗೆ ಬರೋಣ. ಅಶೋಕಪುರದಂಥ ಬಡಾವಣೆಗಳ ಹುಡುಗರಿಗೆ ಕಾಯಂ ಸಂಬಳದ ದಾರಿಗಳು ಎಷ್ಟಿವೆ? ರೈಲ್ವೆ, ಪೊಲೀಸು, ಸೈನ್ಯ, ಅರೆಸೈನಿಕ ಪಡೆ. ಬೆಳಗಿನ ಜಾವ ಎದ್ದು ಓಡಿ, ಎದೆ ಅಗಲಿಸಿ, ಪರೀಕ್ಷೆ ಬರೆದು ಪಾಸಾದ ಹುಡುಗ ವೈದ್ಯರ ಮುಂದೆ ಅಂಗಿ ಬಿಚ್ಚಿದಾಗ ಇನ್ನೊಂದು ಪರೀಕ್ಷೆ ಎದುರಾಗುತ್ತದೆ.

ಸೈನ್ಯದ ನಿಯಮ ಹೀಗಿದೆ: ಮುಂಗೈಯ ಒಳಬದಿಯಲ್ಲಿ, ಅಂದರೆ ಮೊಣಕೈ ಒಳಗಿನಿಂದ ಮಣಿಕಟ್ಟಿನವರೆಗೆ, ಮತ್ತು ಅಂಗೈಯ ಹಿಂಬದಿಯಲ್ಲಿ ಹಚ್ಚೆ ಇದ್ದರೆ ಅಡ್ಡಿಯಿಲ್ಲ. ಬೇರೆಲ್ಲಿದ್ದರೂ ಆಯ್ಕೆಯಿಲ್ಲ. ಸಂಪ್ರದಾಯದಂತೆ ಹಚ್ಚೆ ಇರುವ ಬುಡಕಟ್ಟುಗಳವರಿಗೆ ಮಾತ್ರ ಒಬ್ಬೊಬ್ಬರ ವಿಷಯ ನೋಡಿ ವಿನಾಯಿತಿ. ಕೇಂದ್ರದ ಅರೆಸೈನಿಕ ಪಡೆಗಳ ಪ್ರಕಟಣೆ ಇನ್ನೂ ಬಿಗಿ. ಧಾರ್ಮಿಕ ಚಿಹ್ನೆ ಮತ್ತು ಹೆಸರಿನ ಹಚ್ಚೆಗೆ ಅವಕಾಶವುಂಟು. ಆದರೆ ಮುಂಗೈಯಾದರೆ ಎಡಗೈಯಲ್ಲಿ ಮಾತ್ರ, ಬಲಗೈ ಸೆಲ್ಯೂಟು ಹೊಡೆಯುವ ಕೈಯಾದ್ದರಿಂದ ಅಲ್ಲಿ ಕೂಡದು. ಅಳತೆ ಆ ಅಂಗದ ಕಾಲು ಭಾಗಕ್ಕಿಂತ ಕಡಿಮೆಯಿರಬೇಕು.

ನಾವು ಕೇಳುತ್ತೇವೆ: ಬಲಗೈಯ ಮೇಲೆ ತಾಯಿಯ ಹೆಸರಿದ್ದರೆ ಸೆಲ್ಯೂಟಿಗೆ ಯಾವ ಮೈಲಿಗೆಯಾಗುತ್ತದೆ? ದೇಶಕ್ಕೆ ಸಂವಿಧಾನ ಬರೆದುಕೊಟ್ಟ ಸಮಿತಿಯ ಅಧ್ಯಕ್ಷರ ಮುಖ ಭುಜದ ಮೇಲಿದ್ದರೆ ಬಂದೂಕು ಹಿಡಿಯುವ ಶಕ್ತಿ ಕುಗ್ಗುತ್ತದೆಯೆ? ದೇವರ ಚಿಹ್ನೆಗೆ ಜಾಗ ಹೇಳಿರುವ ನಿಯಮ, ದೇವರಲ್ಲದ ಆದರೆ ಕೋಟ್ಯಂತರ ಜನರಿಗೆ ಮನುಷ್ಯರ ಮಾನ ತಂದುಕೊಟ್ಟ ನಾಯಕನ ಚಿತ್ರಕ್ಕೆ ಏನು ಹೇಳುತ್ತದೆ? ಸೈನ್ಯಕ್ಕೆ ಶಿಸ್ತು ಬೇಕು, ಒಪ್ಪಿದೆವು. ದ್ವೇಷದ ಮಾತು, ಅಶ್ಲೀಲ ಚಿತ್ರ ಕೂಡದೆಂದರೆ ಒಪ್ಪಿದೆವು. ಆದರೆ ಗಜಕಡ್ಡಿ ಹಿಡಿದು ಚರ್ಮ ಅಳೆಯುವುದು ಶಿಸ್ತಲ್ಲ. ಬುಡಕಟ್ಟಿನವರಿಗೆ ವಿನಾಯಿತಿ ಕೊಟ್ಟಾಗಲೇ ಸರ್ಕಾರ ಒಂದು ತತ್ವವನ್ನು ಒಪ್ಪಿಕೊಂಡಿದೆ: ಹಚ್ಚೆ ಇದ್ದ ಮಾತ್ರಕ್ಕೆ ಮನುಷ್ಯ ಸೈನಿಕನಾಗಲು ಅನರ್ಹನಲ್ಲ. ಆ ತತ್ವ ಎಲ್ಲರಿಗೂ ಅನ್ವಯಿಸಲಿ.

ಹದಿನೇಳು ವರ್ಷದ ಹುಡುಗ ಜಾತ್ರೆಯಲ್ಲಿ ಬಲಗೈ ಚಾಚಿದಾಗ ಈ ನಿಯಮವನ್ನು ಅವನಿಗೆ ಹೇಳಿದವರು ಯಾರು? ಯಾರೂ ಇಲ್ಲ. ಪರೀಕ್ಷೆಗೆ ಕರೆ ಬಂದ ಮೇಲೆ ಅವನಿಗೆ ತಿಳಿಯುತ್ತದೆ. ಲೇಸರಿನಿಂದ ತೆಗೆಸಲು ಹಲವು ಬಾರಿ ಹೋಗಬೇಕು, ಪ್ರತಿ ಬಾರಿಯೂ ಹಣ. ಹಣವುಳ್ಳವನ ಮಗ ತೆಗೆಸಿಕೊಳ್ಳುತ್ತಾನೆ. ಇಲ್ಲದವನು ಆಸಿಡ್ಡು ಹಚ್ಚಿ ಸುಟ್ಟುಕೊಳ್ಳುತ್ತಾನೆ, ಇಲ್ಲವೆ ಕೆಲಸ ಬಿಡುತ್ತಾನೆ. ಒಂದೇ ಹಚ್ಚೆ, ಎರಡು ಶಿಕ್ಷೆ. ವರ್ಗಭೇದ ಬೇರೆಲ್ಲಿ ಹುಡುಕಬೇಕು?

ಸಣ್ಣ ವ್ಯಾಪಾರಿ ಬಂಧುಗಳಲ್ಲಿ ಕೂಡ ಒಂದು ಮಾತು. ಕತ್ತಿನ ಮೇಲೆ ಹಚ್ಚೆ ಇರುವ ಹುಡುಗನನ್ನು ಗಲ್ಲಾದ ಹತ್ತಿರ ನಿಲ್ಲಿಸಲು ನಿಮ್ಮಲ್ಲಿ ಕೆಲವರು ಹಿಂಜರಿಯುತ್ತೀರಿ, "ಗಿರಾಕಿಗಳು ಏನಂದುಕೊಂಡಾರು?" ಎನ್ನುತ್ತೀರಿ. ತೂಕದಲ್ಲಿ ಮೋಸ ಮಾಡುವವರ, ಬ್ಯಾಂಕುಗಳಿಗೆ ಸಾವಿರಾರು ಕೋಟಿ ಮುಳುಗಿಸಿ ವಿಮಾನ ಹತ್ತಿದವರ ಮೈಮೇಲೆ ಯಾವ ಹಚ್ಚೆ ಇತ್ತು? ಅವರ ಅಂಗಿ ಇಸ್ತ್ರಿ ಮಾಡಿದ್ದಾಗಿತ್ತು. ಕೈ ನೋಡುವುದಾದರೆ ಕೆಲಸ ನೋಡಿರಿ.

ದುಡಿಮೆ ಕೂಡ ಮೈಮೇಲೆ ಬರೆಯುತ್ತದೆ. ಕಾರ್ಯಾಗಾರದ ಬೆಸುಗೆಯ ಕಿಡಿ ಮುಂಗೈ ಮೇಲೆ ಚುಕ್ಕಿ ಇಡುತ್ತದೆ. ನಮ್ಮ ಮೈಸೂರಿನ ಮನೆಗಳಲ್ಲಿ ಅಗರಬತ್ತಿ ಹೊಸೆಯುವ ಹೆಂಗಸರ ಅಂಗೈಗೆ ಇದ್ದಿಲ ಕಪ್ಪು ಹತ್ತಿ ತೊಳೆದರೂ ಹೋಗದು. ಕಲ್ಲಿದ್ದಲು ಗಣಿಯವರ ಗಾಯದೊಳಗೆ ಪುಡಿ ಸೇರಿ ನೀಲಿಗೆರೆಯಾಗಿ ಸಾಯುವತನಕ ಉಳಿಯುತ್ತದೆ. ಅವು ಯಜಮಾನರ ಲಾಭಕ್ಕಾಗಿ ಬಿದ್ದ ಹಚ್ಚೆಗಳು. ಅವುಗಳಿಗಾಗಿ ಯಾರನ್ನೂ ಕೆಲಸದಿಂದ ಹಿಂದಕ್ಕೆ ಕಳುಹಿಸಿಲ್ಲ! ತನ್ನ ಸಂತೋಷಕ್ಕೆ ಹಾಕಿಸಿಕೊಂಡದ್ದು ಮಾತ್ರ ಕಣ್ಣು ಕುಕ್ಕುತ್ತದೆ. ಬಡವಾ, ನೀ ಮಡಗಿದಂಗಿರು ಎಂಬುದೇ ಇದರ ತಾತ್ಪರ್ಯ.

ನಮ್ಮವರದೇ ಒಂದು ಆಕ್ಷೇಪ

ಪ್ರಗತಿಪರ ಮಿತ್ರರಲ್ಲಿಯೂ ಒಂದು ಆಕ್ಷೇಪವಿದೆ. "ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸಲ್ಲದೆಂದು ಎಚ್ಚರಿಸಿದರು. ಅವರ ಮುಖವನ್ನೇ ಮೈಮೇಲೆ ಬರೆಸಿಕೊಳ್ಳುವುದು ಅವರ ಮಾತಿಗೆ ವಿರುದ್ಧವಲ್ಲವೆ?" ಎನ್ನುತ್ತಾರೆ.

ಇದು ತಳ್ಳಿಹಾಕುವ ಮಾತಲ್ಲ. ಆದರೆ ಅವರು ಎಚ್ಚರಿಸಿದ್ದು ತಮ್ಮ ಸ್ವಾತಂತ್ರ್ಯವನ್ನು ಒಬ್ಬ ದೊಡ್ಡ ಮನುಷ್ಯನ ಕಾಲಡಿಗೆ ಒಪ್ಪಿಸುವ ಜನರನ್ನು. ಅಶೋಕಪುರದ ಹುಡುಗ ತೋಳಿನ ಮೇಲೆ ಆ ಮುಖ ಬರೆಸಿಕೊಂಡಾಗ ಯಾರ ಕಾಲಿಗೂ ಬೀಳುತ್ತಿಲ್ಲ. "ನಾನು ಎಲ್ಲಿಂದ ಬಂದೆನೋ ಅದನ್ನು ಮುಚ್ಚಿಡುವುದಿಲ್ಲ" ಎಂದು ಹೇಳುತ್ತಿದ್ದಾನೆ. ಜಾತಿಯನ್ನು ಮರೆಮಾಡಿ ಬಾಡಿಗೆ ಮನೆ ಹಿಡಿಯಬೇಕಾದ, ಊಟದ ಡಬ್ಬಿ ತೆರೆಯಲು ಅಳುಕಬೇಕಾದ ಊರಿನಲ್ಲಿ ಇದು ಸಣ್ಣ ಧೈರ್ಯವಲ್ಲ.

ಹಾಗೆಂದು ಅಲ್ಲಿಗೇ ನಿಲ್ಲಬಾರದು ಎಂಬುದನ್ನೂ ನಾವು ಅಷ್ಟೇ ಸ್ಪಷ್ಟವಾಗಿ ಹೇಳುತ್ತೇವೆ. ಚರ್ಮದ ಮೇಲಿನ ಮುಖಕ್ಕೆ ಕೂಲಿ ಹೆಚ್ಚಿಸುವ ಶಕ್ತಿಯಿಲ್ಲ. ಏಪ್ರಿಲ್ 14ರಂದು ತೋಳು ತೋರಿಸಿ, ಮರುದಿನ ಗುತ್ತಿಗೆದಾರನ ಮುಂದೆ ಅದೇ ತೋಳು ಕಟ್ಟಿ ನಿಂತರೆ ಆ ಹಚ್ಚೆಗೆ ಅರ್ಥವಿಲ್ಲ. ತೋಳಿನ ಮೇಲೆ ಮುಖವಿರಲಿ. ಕೈಯಲ್ಲಿ ಅವರ ಪುಸ್ತಕವಿರಲಿ, ಜೇಬಿನಲ್ಲಿ ಸಂಘದ ಸದಸ್ಯತ್ವದ ಚೀಟಿಯಿರಲಿ.

ಸೂಜಿಯೂ ಬಣ್ಣವೂ

ಹಚ್ಚೆಯ ಪರವಾಗಿ ಮಾತಾಡುವವರು ಸೂಜಿಯ ಅಪಾಯವನ್ನು ಮುಚ್ಚಿಡಬಾರದು. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆಯ ಬಿ, ಸಿ ಬಗೆಯ ಸೋಂಕುಗಳು, ಎಚ್‌ಐವಿ ಕೂಡ, ರಕ್ತದ ಮೂಲಕ ಹರಡಬಹುದು. ಹಚ್ಚೆ ಹಾಕಿಸಿಕೊಂಡ ಒಂದು ವರ್ಷದ ತನಕ ರಕ್ತ ಕೊಡಲು ಬಿಡುವುದಿಲ್ಲ. ಬಣ್ಣ ಹೋಗದಿರುವುದೇಕೆಂದರೆ, ಅದು ಮೇಲಿನ ತೊಗಲನ್ನು ದಾಟಿ ಒಳಪದರಕ್ಕೆ ಇಳಿಯುತ್ತದೆ. ಹೊರಗಿನ ಕಸವನ್ನು ನುಂಗುವ ಜೀವಕೋಶಗಳು ಅಲ್ಲಿ ಅದನ್ನು ನುಂಗಿ ಹಿಡಿದುಕೊಳ್ಳುತ್ತವೆ; ಒಂದು ಕೋಶ ಸತ್ತು ಬಣ್ಣ ಬಿಟ್ಟರೆ ಮತ್ತೊಂದು ಬಂದು ಅದನ್ನೇ ನುಂಗುತ್ತದೆ. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಹೀಗೆ ಬಾಳಿನುದ್ದಕ್ಕೂ ಮೈಯೊಳಗಿರುವ ಬಣ್ಣದಲ್ಲಿ ಏನಿದೆಯೆಂದು ತಿಳಿಯುವ ಹಕ್ಕು ಜನರಿಗಿಲ್ಲವೆ?

ಯೂರೋಪಿನ ಒಕ್ಕೂಟ 2022ರಿಂದ ಹಚ್ಚೆಯ ಬಣ್ಣದಲ್ಲಿನ ಅಪಾಯಕಾರಿ ರಾಸಾಯನಿಕಗಳಿಗೆ ಕಟ್ಟು ಹಾಕಿದೆ. ಕರ್ನಾಟಕದಲ್ಲಿ 2025ರಲ್ಲಿ ಬಣ್ಣಗಳನ್ನು ಪರೀಕ್ಷಿಸಿದಾಗ ಆರ್ಸೆನಿಕ್, ಕ್ರೋಮಿಯಂ ಸೇರಿ 22 ಲೋಹಗಳು ಕಂಡುಬಂದವೆಂದು ಆರೋಗ್ಯ ಸಚಿವರೇ ಹೇಳಿದರು. ನಿಯಮ ಮಾಡಿರೆಂದು ಕೇಂದ್ರಕ್ಕೆ ಬರೆಯುವುದಾಗಿಯೂ ಹೇಳಿದರು. ಬಹಳ ಸಂತೋಷ. ಆದರೆ ನಮಗೊಂದು ಆತಂಕವಿದೆ. ಶುಚಿತ್ವದ ಹೆಸರಿನಲ್ಲಿ ಮಾಡುವ ಕಾನೂನು ಮೊದಲು ಬೀಳುವುದು ಬೀದಿಬದಿಯವರ ಮೇಲೆ. ಗಾಜಿನ ಬಾಗಿಲಿನವನಿಗೆ ಲೈಸೆನ್ಸು, ಜಾತ್ರೆಯವನಿಗೆ ಲಾಠಿ ಎಂದಾಗಬಾರದು.

ನಮ್ಮ ಬೇಡಿಕೆಗಳು

ಒಂದು: ಸೈನ್ಯ, ಅರೆಸೈನಿಕ ಪಡೆ, ಪೊಲೀಸು, ಸರ್ಕಾರಿ ಕಚೇರಿ ಎಲ್ಲಿಯೂ ಹಚ್ಚೆಯ ಜಾಗ ಮತ್ತು ಅಳತೆಯ ಕಾರಣದಿಂದ ಯಾರನ್ನೂ ತಿರಸ್ಕರಿಸಕೂಡದು. ದ್ವೇಷ ಕಾರುವ ಬರಹ, ಅಶ್ಲೀಲ ಚಿತ್ರ ಮಾತ್ರ ಹೊರತು.

ಎರಡು: ನಿಯಮ ಬದಲಾಗುವ ತನಕ, ಈಗಿರುವ ನಿಯಮವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಪಿಯು ಕಾಲೇಜು, ಐಟಿಐ ಮತ್ತು ಜಾತ್ರೆಯ ಬಯಲಿನಲ್ಲಿ ತೂಗುಹಾಕಬೇಕು. ತೆಗೆಸಿಕೊಳ್ಳಲೇಬೇಕಾದ ಬಡ ಅಭ್ಯರ್ಥಿಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಕೊಡಬೇಕು.

ಮೂರು: ಬಣ್ಣಕ್ಕೆ ರಾಷ್ಟ್ರಮಟ್ಟದ ಮಾನದಂಡ ಬೇಕು. ಒಬ್ಬರಿಗೆ ಒಂದೇ ಹೊಸ ಸೂಜಿ ಎಂಬ ನಿಯಮ ದೊಡ್ಡ ಅಂಗಡಿಗೂ ಬೀದಿಯವನಿಗೂ ಒಂದೇ ಇರಬೇಕು. ಬೀದಿಯವರಿಗೆ ತರಬೇತಿ, ಕಡಿಮೆ ಶುಲ್ಕದ ಪರವಾನಗಿ ಕೊಡಬೇಕು. ಮಾಮೂಲು ವಸೂಲಿ ನಿಲ್ಲಬೇಕು.

ನಾಲ್ಕು: ಹಚ್ಚೆ ಹೊಯ್ಯುವ ಕೊರವ, ಕೊರಚ ಹೆಂಗಸರಲ್ಲಿ ಉಳಿದಿರುವವರ ಚಿತ್ರಗಳನ್ನೂ ಹಾಡುಗಳನ್ನೂ ಅವರ ಹೆಸರಿನಲ್ಲಿಯೇ ದಾಖಲು ಮಾಡಿ, ಬೇರೆ ಕಲಾವಿದರಂತೆ ಅವರಿಗೂ ಮಾಸಾಶನ ಕೊಡಬೇಕು. ಅಪರಾಧಿಗಳೆಂದು ಬರೆದ ದಾಖಲೆಗೆ ಇದೇ ಸರಿಯಾದ ತಿದ್ದುಪಡಿ.

ಕಾರ್ಮಿಕ ಬಂಧುಗಳೇ, ಈ ಬೇಡಿಕೆಗಳನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಇಡಿರಿ. ಯುವಕ ಮಿತ್ರರೇ, ಹಾಕಿಸಿಕೊಳ್ಳುವುದಾದರೆ ನಿಯಮ ತಿಳಿದು, ಹೊಸ ಸೂಜಿ ಕಂಡು ಹಾಕಿಸಿಕೊಳ್ಳಿರಿ. ಬೇಡವೆನಿಸಿದರೆ ಗೆಳೆಯರ ಒತ್ತಾಯಕ್ಕೆ ತೋಳು ಚಾಚಬೇಡಿರಿ. ನಿಮ್ಮ ಮೈ ನಿಮ್ಮದು. ಬರೆಸಿಕೊಳ್ಳುವ ಹಕ್ಕೂ ನಿಮ್ಮದು, ಬರೆಸಿಕೊಳ್ಳದಿರುವ ಹಕ್ಕೂ ನಿಮ್ಮದು.

ಲೇಸರಿನಿಂದ ಹಚ್ಚೆ ತೆಗೆಯಬಹುದು. ಹುಟ್ಟಿದೊಡನೆ ಅನುಮತಿ ಕೇಳದೆ ಈ ಸಮಾಜ ಚುಚ್ಚುವ ಜಾತಿಯ ಹಚ್ಚೆಯನ್ನು ತೆಗೆಯುವ ಯಂತ್ರ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಅದನ್ನು ತೆಗೆಯಬೇಕಾದವರು ಒಟ್ಟುಗೂಡಿದ ದುಡಿಯುವ ಜನ. ಆ ಕೆಲಸ ಮುಗಿಯುವ ತನಕ, ತೋಳಿನ ಮೇಲಿನ ಎರಡು ಪದಗಳಿಗೆ ಹೆದರುವವರು ಹೆದರುತ್ತಲೇ ಇರಲಿ.